ಅಳತೆ ತೆಗೆಯುವಾಗ ಕಂಡ ಗಾಯ: ಇನ್ನೊಬ್ಬರ ಮನೆ ವಿಷಯಕ್ಕೆ ನಾನು ಹೋಗಬಹುದಾ?

ಪ್ರಶ್ನೆ: ತುಮಕೂರು ಜಿಲ್ಲೆಯ ಒಂದು ತಾಲೂಕು ಊರಿನಲ್ಲಿ ನನ್ನದು ಚಿಕ್ಕ ಟೈಲರಿಂಗ್ ಅಂಗಡಿ. ಎರಡು ವರ್ಷದಿಂದ ಒಬ್ಬಳು ನನ್ನ ಹತ್ತಿರವೇ ಬ್ಲೌಸ್ ಹೊಲಿಸುತ್ತಾಳೆ. ವಯಸ್ಸು ಮೂವತ್ತರ ಒಳಗೆ, ಇಬ್ಬರು ಮಕ್ಕಳು. ಹೋದ ತಿಂಗಳು ಅಳತೆ ತೆಗೆಯುವಾಗ ತೋಳಿನ ಮೇಲೆ ನೀಲಿಗಟ್ಟಿದ ಗುರುತು ಕಂಡಿತು. ಬಾಗಿಲು ತಾಗಿತು ಅಂದಳು. ಈ ಸಲ ಕುತ್ತಿಗೆಯ ಮೇಲೂ ಇತ್ತು. ಕೇಳಿದ ಕೂಡಲೇ ಅತ್ತುಬಿಟ್ಟಳು. "ಅಕ್ಕ, ಯಾರಿಗೂ ಹೇಳಬೇಡಿ. ಪೊಲೀಸ್ ಅಂತೂ ಬೇಡವೇ ಬೇಡ" ಅಂದಳು. ನಮ್ಮ ಯಜಮಾನರು "ಇನ್ನೊಬ್ಬರ ಮನೆ ವಿಷಯ ನಿನಗ್ಯಾಕೆ, ನಾಳೆ ಅವನು ಅಂಗಡಿ ಮುಂದೆ ಬಂದು ಗಲಾಟೆ ಮಾಡಿದರೆ?" ಅಂತಾರೆ. ನನಗೆ ನಿದ್ದೆ ಬರುತ್ತಿಲ್ಲ. ಅವಳನ್ನು ಎಲ್ಲಿಗೆ ಕಳಿಸಲಿ?

ಉತ್ತರ: "ಎಲ್ಲಿಗೆ ಕಳಿಸಲಿ" ಅಂತ ಕೇಳಿದ್ದೀರಿ. ನಾನು ಅದನ್ನು "ಎಲ್ಲಿಗೆ ಕರೆದುಕೊಂಡು ಹೋಗಲಿ" ಅಂತ ಓದಿಕೊಂಡೆ. ತಾಲೂಕು ಮಟ್ಟದಲ್ಲಿ ಆಪ್ತಸಮಾಲೋಚಕಿಯಾಗಿ ಬಹಳ ವರ್ಷ ಕೆಲಸ ಮಾಡಿದವಳು ನಾನು. ಯಾರೋ ವಿಳಾಸ ಬರೆದುಕೊಟ್ಟು ಕಳಿಸಿದ ಹೆಂಗಸರು ಎಷ್ಟೋ ಸಲ ನಮ್ಮ ಕೇಂದ್ರದ ಗೇಟಿನ ತನಕ ಬಂದು, ಬೋರ್ಡು ಓದಿ, ಹಾಗೇ ವಾಪಸ್ ಹೋಗಿದ್ದಾರೆ. ಪಕ್ಕದಲ್ಲಿ ಒಬ್ಬರಿದ್ದರೆ ಒಳಗೆ ಬರುತ್ತಾರೆ. ನಮ್ಮ ರಾಜ್ಯದಲ್ಲಿ ವ್ಯವಸ್ಥೆ ಇಲ್ಲ ಅಂತ ಅಲ್ಲ, ಸಾಕಷ್ಟಿದೆ. ಆದರೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುವ ದಾರಿಯಲ್ಲೇ ಹೆಂಗಸರು ಕಳೆದುಹೋಗುತ್ತಾರೆ.

ಮೊದಲು ಒಂದು ಲೆಕ್ಕ ಹೇಳುತ್ತೇನೆ. ಇದು ನಿಮ್ಮ ಯಜಮಾನರಿಗೂ ಗೊತ್ತಿರಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಅಂದ ಮದುವೆಯಾದ ಹೆಂಗಸರು 2015-16ರಲ್ಲಿ ಶೇ 20.6ರಷ್ಟಿದ್ದರು. 2019-21ರಲ್ಲಿ ಅದು ಶೇ 44.4. ದೇಶದಲ್ಲೇ ಜಾಸ್ತಿ ನಮ್ಮದು. ಇಡೀ ದೇಶದ ಲೆಕ್ಕ ನೋಡಿದರೆ, ಹಿಂಸೆಗೆ ಒಳಗಾದ ನೂರು ಹೆಂಗಸರಲ್ಲಿ ಸಹಾಯ ಕೇಳಿದವರು 14 ಜನ ಮಾತ್ರ. ಆ 14ರಲ್ಲೂ ಹೆಚ್ಚಿನವರು ಕೇಳಿದ್ದು ತವರಿನವರನ್ನೇ. ನಿಮ್ಮ ಗಿರಾಕಿ ನಿಮ್ಮ ಮುಂದೆ ಬಾಯಿ ಬಿಟ್ಟಳು ಅಂದರೆ, ಅದು ಸಣ್ಣ ವಿಷಯ ಅಲ್ಲ.

ಈಗ ಆ ಕುತ್ತಿಗೆಯ ಗುರುತಿನ ವಿಷಯ. ನಿಮ್ಮ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು ಅದು. ಕೆನ್ನೆಗೆ ಹೊಡೆಯುವುದಕ್ಕೂ ಕುತ್ತಿಗೆ ಹಿಸುಕುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಜೀವ ತೆಗೆಯುವ ಅಪಾಯ ಬಹಳ ಜಾಸ್ತಿ ಅಂತ ಈ ಕೆಲಸದಲ್ಲಿರುವವರೆಲ್ಲ ಬಲ್ಲರು. ಇನ್ನೊಂದು, ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು. ದನಿ ಒಡೆದಿದೆಯಾ, ನುಂಗಲು ಕಷ್ಟವಾಗುತ್ತಿದೆಯಾ, ಆ ಹೊತ್ತಿನಲ್ಲಿ ಕಣ್ಣು ಕತ್ತಲೆ ಬಂದಿತ್ತಾ ಅಂತ ಕೇಳಿ. ಹೌದು ಅಂದರೆ ಉಳಿದದ್ದೆಲ್ಲ ಆಮೇಲೆ, ಮೊದಲು ಡಾಕ್ಟರು.

ಜೊತೆಗೆ ಇನ್ನೂ ಕೆಲವು ಮಾತು ಮೆಲ್ಲಗೆ ಕೇಳಬೇಕು. ಕೊಂದುಬಿಡ್ತೀನಿ ಅಂದಿದ್ದಾನಾ? ಮಚ್ಚು, ಸೀಮೆಎಣ್ಣೆ, ಪೆಟ್ರೋಲ್ ಅಂತ ಏನಾದರೂ ತೋರಿಸಿದ್ದಾನಾ? ಇತ್ತೀಚೆಗೆ ಹೊಡೆತ ಜಾಸ್ತಿಯಾಗಿದೆಯಾ? ಎಲ್ಲಿ ಹೋದರೂ ಅನುಮಾನ ಪಡುತ್ತಾನಾ? ಬಸುರಿಯಾ? ಕೊನೆಗೆ, "ನಿನಗೇ ಸಾಕಪ್ಪಾ ಅನಿಸಿದೆಯಾ, ಸಾಯಬೇಕು ಅಂತ ಬಂದಿದೆಯಾ?" ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅಂತ ಹೆದರಬೇಡಿ. ಕೇಳಿದರೆ ಹಗುರಾಗುತ್ತಾರೆ. ಆ ಯೋಚನೆ ಇದ್ದರೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ.

"ಇಷ್ಟು ದಿನ ಯಾಕೆ ಸುಮ್ಮನಿದ್ದೆ", "ಬಿಟ್ಟು ಬಂದುಬಿಡು", "ಮಕ್ಕಳ ಮುಖ ನೋಡಿ ಹೊಂದಿಕೊಂಡು ಹೋಗು" — ಈ ಮೂರು ಮಾತು ಮಾತ್ರ ಬೇಡ. ಮೂರನೆಯದು ಬೇಡ ಅಂತ ಎಲ್ಲರಿಗೂ ಗೊತ್ತು. ಆದರೆ ಎರಡನೆಯದೂ ಅಷ್ಟೇ ತಪ್ಪು. ಹೆಂಗಸು ಮನೆ ಬಿಟ್ಟು ಹೊರಡುವ ಹೊತ್ತು ಮತ್ತು ಆಮೇಲಿನ ಕೆಲವು ವಾರಗಳೇ ಎಲ್ಲಕ್ಕಿಂತ ಅಪಾಯದವು. ತಯಾರಿ ಇಲ್ಲದೆ ಹೊರಡಿಸಬಾರದು. ಅವನ ಹತ್ತಿರ ಹೋಗಿ ಬುದ್ಧಿ ಹೇಳುವ ಸಾಹಸವಂತೂ ಬೇಡವೇ ಬೇಡ. ನಿಮ್ಮ ಮುಂದೆ ತಲೆ ಬಗ್ಗಿಸಿ ಕೇಳಿಸಿಕೊಂಡು, ಮನೆಗೆ ಹೋಗಿ ಅವಳಿಗೆ ಎರಡರಷ್ಟು ಕೊಡುತ್ತಾನೆ.

ಇನ್ನು ನಿಮ್ಮ ಯಜಮಾನರ ಪ್ರಶ್ನೆ. ಅದು ಹುಸಿ ಭಯ ಅಲ್ಲ, ಗಲಾಟೆ ಮಾಡುವವರು ಇದ್ದಾರೆ. ಆದರೆ ಕಾನೂನಿನ ಭಯ ಬೇಡ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 4ನೇ ಸೆಕ್ಷನ್ ಪ್ರಕಾರ ದೌರ್ಜನ್ಯ ನಡೆಯುತ್ತಿದೆ ಅಂತ ಅನಿಸಿದ ಯಾರು ಬೇಕಾದರೂ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಒಳ್ಳೆಯ ಮನಸ್ಸಿನಿಂದ ಕೊಟ್ಟ ಮಾಹಿತಿಗೆ ನಿಮ್ಮ ಮೇಲೆ ಯಾವ ಕೇಸೂ ನಿಲ್ಲುವುದಿಲ್ಲ. ಹಾಗಂತ ಅವಳನ್ನು ಕೇಳದೆ ಹೋಗಿ ಹೇಳಬೇಡಿ. ಜೀವಕ್ಕೇ ಅಪಾಯ ಅನ್ನುವ ಹೊತ್ತು ಬಂದರೆ ಮಾತ್ರ ಕೇಳುತ್ತಾ ಕೂರಬೇಡಿ, ತುರ್ತು ಸಹಾಯದ 112ಕ್ಕೆ ಫೋನ್ ಹೊಡೆಯಿರಿ.

"ಪೊಲೀಸ್ ಬೇಡ" ಅಂದಳಲ್ಲ, ಅದರ ಅರ್ಥ ಎಷ್ಟೋ ಸಲ "ಅವನನ್ನು ಜೈಲಿಗೆ ಹಾಕಿಸಿದರೆ ನಾಳೆ ಮನೆ ನಡೆಸುವವರು ಯಾರು" ಅಂತ. ನ್ಯಾಯವಾದ ಪ್ರಶ್ನೆಯೇ. ಡಿವಿ ಕೇಸು, ಅಂದರೆ ಈ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಹಾಕುವ ಕೇಸು, ಈ ಕಾರಣಕ್ಕೇ ಬೇರೆ. ಅಲ್ಲಿ ಮೊದಲ ಬೇಡಿಕೆ ಗಂಡನ ಜೈಲಲ್ಲ. ಇನ್ನು ಮುಂದೆ ಹೊಡೆಯಬಾರದು ಅನ್ನುವ ರಕ್ಷಣಾ ಆದೇಶ, ಮನೆಯಿಂದ ಹೊರಗೆ ಹಾಕಬಾರದು ಅನ್ನುವ ವಾಸದ ಆದೇಶ, ಖರ್ಚಿಗೆ ಹಣ, ಮಕ್ಕಳು ತಾಯಿ ಹತ್ತಿರ ಇರಲು ತಾತ್ಕಾಲಿಕ ಆದೇಶ. ಇವನ್ನು ಮ್ಯಾಜಿಸ್ಟ್ರೇಟ್ ಕೊಡುತ್ತಾರೆ. ತುರ್ತು ಇದ್ದರೆ ಗಂಡ ಕೋರ್ಟಿಗೆ ಬರುವ ಮೊದಲೇ ಮಧ್ಯಂತರ ಆದೇಶ ಕೊಡಬಹುದು. ರಕ್ಷಣಾ ಆದೇಶ ಮುರಿದರೆ ಆಗ ಅಪರಾಧ: ಒಂದು ವರ್ಷದ ತನಕ ಜೈಲು, ಅಥವಾ 20,000 ರೂಪಾಯಿ ತನಕ ದಂಡ, ಅಥವಾ ಎರಡೂ. ಹೊಡೆತ ಒಂದೇ ಅಲ್ಲ. ಬೈಗುಳ, ಲೈಂಗಿಕ ಹಿಂಸೆ, ಸಂಬಳ ಕಿತ್ತುಕೊಳ್ಳುವುದು, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸುವುದು ಎಲ್ಲವೂ ಈ ಕಾಯ್ದೆಯ ಪ್ರಕಾರ ದೌರ್ಜನ್ಯವೇ. ಅತ್ತೆ ಕೊಡುವ ಕಾಟವೂ ಅದರೊಳಗೆ ಬರುತ್ತದೆ.

ಈ ದಾರಿಯ ಮೊದಲ ಬಾಗಿಲು ರಕ್ಷಣಾಧಿಕಾರಿ. ಹೆಸರು ದೊಡ್ಡದು, ಆದರೆ ನಿಮಗೆ ಗೊತ್ತಿರುವವರೇ. ನಮ್ಮ ರಾಜ್ಯದ ತಾಲೂಕುಗಳಲ್ಲಿ ಈ ಕೆಲಸ ಸಿಡಿಪಿಓಗೆ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ವಹಿಸಿದ್ದಾರೆ. ಅಂಗನವಾಡಿ, ಮೊಟ್ಟೆ, ಪೌಷ್ಟಿಕ ಆಹಾರ, ಹತ್ತಾರು ಯೋಜನೆಯ ವರದಿ ಎಲ್ಲ ಅವರ ತಲೆ ಮೇಲೇ. ನೀವು ಹೋದ ದಿನ ಅವರು ಮೀಟಿಂಗಿನಲ್ಲಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಬೀದಿಯ ಅಂಗನವಾಡಿ ಟೀಚರ್ ಹತ್ತಿರ ಯಾವ ದಿನ ಸಿಗುತ್ತಾರೆ ಅಂತ ಕೇಳಿಕೊಂಡು ಹೋಗಿ. ಯಾಕೆ ಅಂತ ಮಾತ್ರ ಟೀಚರಿಗೆ ಹೇಳಬೇಡಿ. ಸಣ್ಣ ಊರು ನೋಡಿ, ಮಾತು ನಿಮಗಿಂತ ಮೊದಲು ಅವನ ಮನೆ ತಲುಪುತ್ತದೆ.

ಅಲ್ಲಿ ಬರೆಸಬೇಕಾದದ್ದು ಡಿಐಆರ್, ಕೌಟುಂಬಿಕ ಘಟನಾ ವರದಿ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕೇಸು ನಿಲ್ಲುವುದು ಬೀಳುವುದು ಬಹಳಷ್ಟು ಇದರ ಮೇಲೆ. "ಗಂಡ ದಿನಾ ಹಿಂಸೆ ಕೊಡುತ್ತಾನೆ" ಅಂತ ಒಂದೇ ಸಾಲು ಬರೆಸಿಬಿಟ್ಟರೆ ಅದಕ್ಕೆ ತೂಕ ಇಲ್ಲ. ಯಾವತ್ತು, ಎಲ್ಲಿ, ಯಾವುದರಿಂದ ಹೊಡೆದ, ಆಗ ಮನೆಯಲ್ಲಿ ಯಾರಿದ್ದರು ಅಂತ ಬೇಕು. ಹೆಂಗಸರಿಗೆ ತಾರೀಕು ನೆನಪಿರುವುದಿಲ್ಲ. ನಾನೊಮ್ಮೆ ಒಬ್ಬಾಕೆಯ ಜೊತೆ ಕೂತು ಇಡೀ ಮಧ್ಯಾಹ್ನ ಇದೇ ಮಾಡಿದ್ದೆ. "ಗೌರಿ ಹಬ್ಬದ ಹಿಂದಿನ ರಾತ್ರಿ." "ಮಗನಿಗೆ ಜ್ವರ ಬಂದು ಆಸ್ಪತ್ರೆಗೆ ಹೋದ ಮಾರನೇ ದಿನ." "ರಾಗಿ ಕೊಯ್ಲಿನ ಹೊತ್ತು." ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು, ಮಗನ ಆಸ್ಪತ್ರೆ ಚೀಟಿ ಹುಡುಕಿಸಿ, ಆರು ಘಟನೆಗೆ ಆರು ತಾರೀಕು ಹೊಂದಿಸಿದೆವು. ಕೊನೆಗೆ ಆಕೆ ಆ ಹಾಳೆಯನ್ನು ಎರಡು ಸಲ ಓದಿ, "ಇಷ್ಟೊಂದಾ?" ಅಂದಳು.

ನಿಮ್ಮ ಹತ್ತಿರ ಇದಕ್ಕಿಂತ ಒಳ್ಳೆಯ ದಾಖಲೆ ಇದೆ. ನಿಮ್ಮ ಬಿಲ್ ಪುಸ್ತಕ! ಅಳತೆ ತೆಗೆದ ದಿನದ ತಾರೀಕು ಅದರಲ್ಲಿ ಇರುತ್ತದಲ್ವಾ? ಗುರುತು ಕಂಡ ಎರಡೂ ದಿನದ ಬಿಲ್ಲು ಜೋಪಾನವಾಗಿ ಇಡಿ. ಏನು ಕಂಡಿರಿ, ಎಡ ತೋಳಾ ಬಲ ತೋಳಾ, ಯಾವ ಬಣ್ಣಕ್ಕೆ ತಿರುಗಿತ್ತು ಅಂತ ಬೇರೆ ಹಾಳೆಯಲ್ಲಿ ಇವತ್ತೇ ಬರೆದಿಡಿ. ನಾಳೆ ಅವಳು ಕೇಸು ಹಾಕಿದರೆ ಕಣ್ಣಾರೆ ಕಂಡ ಹೊರಗಿನವರು ನೀವೊಬ್ಬರೇ ಇರಬಹುದು.

ಒಂದು ವಿಷಯ ಅವಳಿಗೆ ಮೊದಲೇ ತಿಳಿಸಿ. ಡಿಐಆರ್ ಬರೆದ ಮೇಲೆ ಅದು ಮ್ಯಾಜಿಸ್ಟ್ರೇಟರಿಗೆ ಹೋಗುತ್ತದೆ, ಒಂದು ಪ್ರತಿ ಪೊಲೀಸ್ ಸ್ಟೇಷನ್ನಿಗೂ ಹೋಗುತ್ತದೆ. ಅದು ಎಫ್‌ಐಆರ್ ಅಲ್ಲ. ಹಾಗಿದ್ದರೂ "ಪೊಲೀಸ್ ಬೇಡ" ಅಂದವಳಿಗೆ ಇದು ಗೊತ್ತಿಲ್ಲದೆ ಆಗಬಾರದು. ಆಸ್ಪತ್ರೆಯಲ್ಲೂ ಅಷ್ಟೇ. ಹೊಡೆತದಿಂದ ಆದ ಗಾಯ ಅಂತ ಹೇಳಿದರೆ ಕಾನೂನಿಗೆ ಬೇಕಾದ ವೈದ್ಯಕೀಯ ದಾಖಲೆ, ಅಂದರೆ ಎಂಎಲ್‌ಸಿ ಮಾಡುತ್ತಾರೆ, ಅದರ ಮಾಹಿತಿ ಸ್ಟೇಷನ್ನಿಗೆ ಹೋಗುತ್ತದೆ. ಆದರೆ ಅದೇ ಚೀಟಿ ಮುಂದೆ ದೊಡ್ಡ ಸಾಕ್ಷಿ. ಅದಕ್ಕೇ ನನ್ನ ಸಲಹೆ ಎಂಎಲ್‌ಸಿ ಮಾಡಿಸಿ ಅಂತಲೇ. ತೀರ್ಮಾನ ಮಾತ್ರ ಅವಳದ್ದು. ಡಿಐಆರ್ ಇಲ್ಲ ಅಂತ ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ.

ರಾತ್ರೋರಾತ್ರಿ ಹೊರಗೆ ಬರಬೇಕಾದರೆ? ಜಿಲ್ಲಾ ಕೇಂದ್ರದಲ್ಲಿ 'ಸಖಿ' ಒನ್ ಸ್ಟಾಪ್ ಸೆಂಟರ್ ಇರುತ್ತದೆ, ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯ ಆವರಣದಲ್ಲೇ ಅಥವಾ ಹತ್ತಿರದಲ್ಲೇ. 2015ರಲ್ಲಿ ಶುರುವಾದ ಯೋಜನೆ. ಚಿಕಿತ್ಸೆ, ಆಪ್ತಸಮಾಲೋಚನೆ, ಪೊಲೀಸ್ ನೆರವು, ವಕೀಲರ ಸಲಹೆ ಒಂದೇ ಕಡೆ ಸಿಗಲಿ ಅಂತ ಮಾಡಿದ್ದು. ಐದು ದಿನದ ತನಕ ಅಲ್ಲೇ ಉಳಿಯಬಹುದು, ಮಕ್ಕಳ ಜೊತೆಗೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಐದು ದಿನ ಅನ್ನುವುದು ಬಹಳ ಬೇಗ ಮುಗಿಯುತ್ತದೆ, ಅದು ಗೊತ್ತಿರಲಿ. ಆಮೇಲೆ ಜಾಸ್ತಿ ದಿನ ಇರಬೇಕಾದರೆ ಸ್ವಾಧಾರ ಗೃಹ, ಈಗ ಅದನ್ನು ಶಕ್ತಿ ಸದನ ಅನ್ನುತ್ತಾರೆ. ಗಂಡುಮಕ್ಕಳನ್ನು ಒಂದು ವಯಸ್ಸಿನ ತನಕ ಮಾತ್ರ ತಾಯಿ ಜೊತೆ ಇರಲು ಬಿಡುತ್ತಾರೆ. ಹೊರಡುವ ಮೊದಲೇ ಫೋನಿನಲ್ಲಿ ಕೇಳಿ. ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತ ಮೇಲೆ "ದೊಡ್ಡವನಿಗೆ ಜಾಗ ಇಲ್ಲ" ಅಂದರೆ, ಯಾವ ತಾಯಿಯಾದರೂ ಅದೇ ಬಸ್ಸಿಗೆ ವಾಪಸ್ ಹತ್ತುತ್ತಾಳೆ. ನಾನೇ ನೋಡಿದ್ದೇನೆ.

ತಾಲೂಕು ಮಟ್ಟದಲ್ಲಿ ಸಾಂತ್ವನ ಕೇಂದ್ರಗಳೂ ಇವೆ, ಸ್ವಯಂಸೇವಾ ಸಂಸ್ಥೆಗಳು ಸರ್ಕಾರದ ನೆರವಿನಿಂದ ನಡೆಸುವಂಥವು. ನಿಮ್ಮ ಊರಿನಲ್ಲಿ ಇದೆಯಾ ಅಂತ ಸಿಡಿಪಿಓ ಆಫೀಸಿನಲ್ಲೇ ವಿಚಾರಿಸಿ.

ಅಂದಹಾಗೆ ಮನೆ ಬಿಟ್ಟು ಬರಲೇಬೇಕು ಅಂತೇನಿಲ್ಲ. ಮನೆ ಗಂಡನ ಹೆಸರಲ್ಲಿ ಇಲ್ಲದೆ ಮಾವನ ಹೆಸರಲ್ಲಿದ್ದರೂ, ಅವಳು ಸೊಸೆಯಾಗಿ ಬಾಳುತ್ತಿರುವ ಮನೆಯಲ್ಲಿ ಇರುವ ಹಕ್ಕನ್ನು ಈ ಕಾಯ್ದೆಯಡಿ ಕೇಳಬಹುದು. 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಇದನ್ನು ಸ್ಪಷ್ಟ ಮಾಡಿತು. "ಇದು ನನ್ನ ಅಪ್ಪನ ಮನೆ, ಆಚೆ ನಡಿ" ಅನ್ನುವ ಮಾತಿಗೆ ಈಗ ಮೊದಲಿನ ಬಲ ಇಲ್ಲ.

ಪೊಲೀಸ್ ಸ್ಟೇಷನ್ ವಿಷಯಕ್ಕೆ ಬರೋಣ. ಹೋಗಲೇಬೇಕಾದ ದಿನ ಬಂದರೆ ಏನಾಗುತ್ತದೆ ಅಂತ ಗೊತ್ತಿದ್ದರೆ ಒಳ್ಳೆಯದು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನುವ ಗಾದೆಯನ್ನು ನಾನು ಜಾಸ್ತಿ ಕೇಳಿರುವುದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತು. ಆಮೇಲೆ ಗಂಡನನ್ನು ಕರೆಸುತ್ತಾರೆ, ಗದರಿಸುತ್ತಾರೆ, ಇನ್ನು ಮೇಲೆ ಹೊಡೆಯುವುದಿಲ್ಲ ಅಂತ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. ಕೆಲವು ಗಂಡಸರು ಅದಕ್ಕೆ ಹೆದರುತ್ತಾರೆ, ಇಲ್ಲ ಅನ್ನಲಾರೆ. ಆದರೆ ಮುಚ್ಚಳಿಕೆ ಕೋರ್ಟಿನ ಆದೇಶ ಅಲ್ಲ. ಅದನ್ನು ಮುರಿದರೆ ರಕ್ಷಣಾ ಆದೇಶ ಮುರಿದಾಗ ಆಗುವ ಶಿಕ್ಷೆ ಆಗುವುದಿಲ್ಲ. ದೂರು ಕೊಟ್ಟರೆ ಸ್ವೀಕೃತಿ ಕೇಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಹಿಂಬರಹ ಕೊಡಿ, ಅಂದರೆ ಯಾಕೆ ಇಲ್ಲ ಅಂತ ಬರೆದುಕೊಡಿ ಅಂತ ಕೇಳಿ. ಹಿಂಬರಹ ಅನ್ನುವ ಪದ ಬಾಯಿಂದ ಬಂದ ಕೂಡಲೇ ರೈಟರ್ ನಿಮ್ಮನ್ನು ಇನ್ನೊಂದು ಸಲ ನೋಡುತ್ತಾರೆ!

ಗಂಡನ ಮತ್ತು ಅವನ ಮನೆಯವರ ಕ್ರೌರ್ಯಕ್ಕೆ ಮೊದಲು ಇದ್ದದ್ದು ಹಳೆಯ ಐಪಿಸಿಯ ಸೆಕ್ಷನ್ 498ಎ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85, ಮೂರು ವರ್ಷದ ತನಕ ಜೈಲು. ಅವಳು ತವರಿಗೆ ಹೋಗಿದ್ದರೆ ಅಲ್ಲಿನ ಸ್ಟೇಷನ್ನಿನಲ್ಲೇ ದೂರು ಕೊಡಬಹುದು, ಗಂಡನ ಊರಿಗೇ ಹೋಗಬೇಕಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಡಿವಿ ಅರ್ಜಿಯೂ ಹಾಗೇ, ತಾತ್ಕಾಲಿಕವಾಗಿ ಇರುವ ಊರಿನಲ್ಲೂ ಹಾಕಬಹುದು.

ವಕೀಲರ ಫೀಸು ಎಲ್ಲಿಂದ ತರುವುದು? ತರಬೇಕಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ನಿಮ್ಮ ತಾಲೂಕಿನ ಕೋರ್ಟಿನಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ 15100. ಡಿವಿ ಅರ್ಜಿಯನ್ನು 60 ದಿನದಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಡಿವಿ ಕಾಯ್ದೆ ಹೇಳುತ್ತದೆ. ನಾನು ನೋಡಿದ ಕೇಸುಗಳು ಅಷ್ಟು ಬೇಗ ಮುಗಿದಿಲ್ಲ. ಆದ್ದರಿಂದ ಮೊದಲ ದಿನವೇ ಮಧ್ಯಂತರ ಜೀವನಾಂಶ ಕೇಳಿ ಅಂತ ವಕೀಲರಿಗೆ ಒತ್ತಿ ಹೇಳಬೇಕು.

ಇದೆಲ್ಲದಕ್ಕೂ ಅವಳಿಗೆ ಓಡಾಟ ಇದೆ. ಅದೃಷ್ಟಕ್ಕೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. "ಬಸ್ ಚಾರ್ಜಿಗೆ ಅವನನ್ನೇ ಕೇಳಬೇಕು" ಅನ್ನುವ ಕಟ್ಟು ಒಂದು ಕಳಚಿತು. ಆದರೆ ಹತ್ತಲು ಗುರುತಿನ ಚೀಟಿ ಬೇಕು, ಅದು ಅವನ ಬೀರುವಿನಲ್ಲಿ ಇದ್ದರೆ? ಗೃಹಲಕ್ಷ್ಮಿ ಎರಡು ಸಾವಿರವೂ ರೇಷನ್ ಕಾರ್ಡಿನಲ್ಲಿ ಯಜಮಾನಿ ಯಾರೋ ಅವರಿಗೆ. ಅತ್ತೆ ಯಜಮಾನಿ ಆಗಿದ್ದರೆ ಇವಳ ಕೈಗೆ ಏನೂ ಬರುವುದಿಲ್ಲ. ಅವಳದ್ದೇ ಖಾತೆ ಇದೆಯಾ, ಬ್ಯಾಂಕಿನ ಮೆಸೇಜ್ ಯಾರ ಮೊಬೈಲಿಗೆ ಬರುತ್ತದೆ, ಕೇಳಿ ನೋಡಿ.

ಕಾಗದಪತ್ರ ಇಡಲು ನಿಮ್ಮ ಅಂಗಡಿಗಿಂತ ಒಳ್ಳೆಯ ಜಾಗ ಇಲ್ಲ. ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರ, ಮದುವೆ ಫೋಟೋ, ಆಸ್ಪತ್ರೆ ಚೀಟಿ. ಎಲ್ಲದರ ಜೆರಾಕ್ಸ್ ಸಾಕು. ಬ್ಲೌಸ್ ಪೀಸಿನ ಕವರಿನಲ್ಲಿ ಹಾಕಿ, ಹೊಲಿಯಬೇಕಾದ ಬಟ್ಟೆಗಳ ಮಧ್ಯೆ ಇಡಿ. ಜೊತೆಗೆ ಒಂದು ಜೊತೆ ಬಟ್ಟೆ, ಇನ್ನೂರು ಮುನ್ನೂರು ರೂಪಾಯಿ. ಒಡವೆ ಮಾತ್ರ ನೀವು ಇಟ್ಟುಕೊಳ್ಳಬೇಡಿ, ನಾಳೆ ನಿಮ್ಮ ಮೇಲೇ ಮಾತು ಬರುತ್ತದೆ. ಅವಳ ಮೊಬೈಲಿಗೆ ಈ ವಿಷಯದ ಮೆಸೇಜ್ ಕಳಿಸಬೇಡಿ. ನೀವಿಬ್ಬರೂ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. "ಅಕ್ಕ, ಫಾಲ್ ಹಾಕಿದ್ದಾಯ್ತಾ?" ಅಂತ ಫೋನ್ ಬಂದರೆ ತಕ್ಷಣ 112ಕ್ಕೆ ಹೇಳಬೇಕು ಅಂತ ಅರ್ಥ. ಹೀಗೆ.

ನೀವು ಸ್ತ್ರೀಶಕ್ತಿ ಸಂಘದಲ್ಲಿ ಇದ್ದೀರಾ? ಇದ್ದರೆ, ಅವಳು ಒಪ್ಪಿದ ಮೇಲೆ, ನಂಬಿಕೆಯ ಒಬ್ಬಿಬ್ಬರಿಗೆ ಹೇಳಬಹುದು. ಸಂಘದ ಹೆಂಗಸರ ಬಲ ನಾನು ಕಂಡಿದ್ದೇನೆ. 1989ರಲ್ಲಿ ಶುರುವಾದ ಮಹಿಳಾ ಸಮಖ್ಯ ಅನ್ನುವ ಸರ್ಕಾರಿ ಯೋಜನೆಯ ಕಾಲದಲ್ಲಿ ಬೀದರ್, ವಿಜಯಪುರದಂಥ ಜಿಲ್ಲೆಗಳ ಹಳ್ಳಿಗಳಲ್ಲಿ ಓದು ಬರಹ ಬಾರದ ಹೆಂಗಸರೇ ಸಂಘ ಕಟ್ಟಿಕೊಂಡು ಇಂಥ ವಿಷಯ ಕೈಗೆತ್ತಿಕೊಂಡರು. ಬೆಂಗಳೂರಿನಲ್ಲಿ 1979ರಿಂದ ಇರುವ ವಿಮೋಚನಾ ಸಂಘಟನೆಯವರು ಸುಟ್ಟ ಗಾಯದ ವಾರ್ಡುಗಳಲ್ಲಿ ಕೂತು, ಸ್ಟೋವ್ ಸಿಡಿಯಿತು ಅನ್ನುವ ಸಾವುಗಳ ಹಿಂದಿನ ಕಥೆ ಹೊರಗೆ ತಂದರು. ಇವರೆಲ್ಲ ಮಾಡಿದ ಮೊದಲ ಕೆಲಸ ಆ ಹೆಂಗಸಿನ ಪಕ್ಕದಲ್ಲಿ ಹೋಗಿ ಕೂತದ್ದು.

ಊರ ಹಿರಿಯರ ಪಂಚಾಯ್ತಿಯೂ ಜನರ ಸಹಾಯವೇ ಅಲ್ವಾ ಅಂತ ನೀವು ಕೇಳಬಹುದು. ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಅಲ್ಲಿ ಮಾತಾಡುವವರು ಅವನ ಕಡೆಯ ನಾಲ್ಕು ಜನ, ಅವಳ ಕಡೆಯ ಅಪ್ಪನೋ ಅಣ್ಣನೋ. ಅವಳು ಕಂಬದ ಹಿಂದೆ ನಿಂತಿರುತ್ತಾಳೆ. ಕುಡಿತ ಬಿಡು, ನೀನೂ ಬಾಯಿ ಕಡಿಮೆ ಮಾಡು ಅಂತ ಇಬ್ಬರಿಗೂ ಸಮ ಮಾಡಿ ರಾಜಿ ಮಾಡುತ್ತಾರೆ. ಡಿವಿ ಕಾಯ್ದೆಯ ನಿಯಮದಲ್ಲಿ ಆಪ್ತಸಮಾಲೋಚನೆಗೆ ಒಂದು ಷರತ್ತು ಇದೆ: ಹೊಡೆದದ್ದಕ್ಕೆ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಲು ಅಲ್ಲಿ ಅವಕಾಶವೇ ಇಲ್ಲ. ಪಂಚಾಯ್ತಿ ಕಟ್ಟೆಯಲ್ಲಿ ಇಡೀ ಮಾತುಕತೆ ಕಾರಣದ ಮೇಲೇ ನಡೆಯುತ್ತದೆ.

ನೀವು ಇಷ್ಟೆಲ್ಲ ಮಾಡಿದ ಮೇಲೂ ಅವಳು "ಬೇಡ ಅಕ್ಕ, ಈಗ ಸರಿ ಹೋಗಿದ್ದಾರೆ" ಅನ್ನಬಹುದು. ಮನೆ ಬಿಟ್ಟು ಬಂದವಳು ಮತ್ತೆ ಅಲ್ಲಿಗೇ ಹೋಗಬಹುದು. ನಮ್ಮ ಕೇಂದ್ರಕ್ಕೆ ಬಂದವರಲ್ಲಿ ಒಂದೇ ಸಲಕ್ಕೆ ಬಿಟ್ಟು ಬಂದವರು ಬಹಳ ಕಡಿಮೆ. ಆಗ ನಿಮಗೆ ಸಿಟ್ಟು ಬರುತ್ತದೆ, ನನಗೂ ಬರುತ್ತಿತ್ತು. ಒಬ್ಬಾಕೆಗೆ ಒಮ್ಮೆ "ಮತ್ತೆ ನನ್ನ ಹತ್ತಿರ ಬರಬೇಡ" ಅಂದುಬಿಟ್ಟಿದ್ದೆ. ಅವಳು ಆಮೇಲೆ ನಿಜವಾಗಿಯೂ ಬರಲಿಲ್ಲ. ಅವಳು ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಈ ವಾರಕ್ಕೆ ನೀವು ಮಾಡಬೇಕಾದದ್ದು ಒಂದೇ. ಅವಳ ಬ್ಲೌಸ್ ಇನ್ನೂ ನಿಮ್ಮ ಹತ್ತಿರವೇ ಇದ್ದರೆ ಪೂರ್ತಿ ಹೊಲಿದು ಕೊಟ್ಟುಬಿಡಬೇಡಿ. "ತೋಳು ಸ್ವಲ್ಪ ಬಿಗಿ ಅನಿಸುತ್ತೆ, ಇನ್ನೊಂದು ಸಲ ಹಾಕಿ ನೋಡಬೇಕು, ಗುರುವಾರ ಮಧ್ಯಾಹ್ನ ಬಾ" ಅಂತ ಹೇಳಿ ಕಳಿಸಿ, ಅವನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿಕೊಂಡು. ಒಂಟಿಯಾಗಿ ಮನೆಯಿಂದ ಹೊರಬರಲು ಅವಳಿಗೊಂದು ನೆಪ ಸಿಗುತ್ತದೆ. ಬಂದಾಗ ಟ್ರಯಲ್ ಪರದೆ ಎಳೆದು, ಅಲ್ಲೇ ಸ್ಟೂಲ್ ಹಾಕಿ ಕೂರಿಸಿ. ಮೊದಲು ಕುತ್ತಿಗೆ ಈಗ ಹೇಗಿದೆ ಅಂತ ಕೇಳಿ.